ಬರೆಯುತ್ತಲೇ ಅಳಿಸುವ ಕೈ

ಮಗಳು ಎಲ್‌ಕೆಜಿಗೆ ಹೋಗುತ್ತಿದ್ದ ವರ್ಷದ ಮಧ್ಯಾಹ್ನಗಳೆಲ್ಲ ಈಗ ನನಗೆ ಒಂದೇ ಉದ್ದನೆಯ ಮಧ್ಯಾಹ್ನವಾಗಿ ನೆನಪಿಗೆ ಬರುತ್ತವೆ. ಪದ್ಮನಾಭನಗರದ ನಮ್ಮ ಮನೆಯ ಮುಂದಿನ ಹೊಂಗೆ ಮರದ ನೆರಳು ವರಾಂಡದ ಕೆಂಪು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ತಿರುವಿನಲ್ಲಿ ಬಸ್ಸು ಗೇರ್ ಬದಲಿಸುವ ಸದ್ದು, ಎದುರುಮನೆಯ ಟ್ಯೂಷನ್ನಿನಿಂದ ಮಗ್ಗಿ ಹೇಳುವ ರಾಗ. ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಊಟದ ಬಿಡುವಿಗೆ ಲ್ಯಾಪ್‌ಟಾಪ್ ಮುಚ್ಚಿ ನಾನು ಅಲ್ಲಿ ಬಂದು ಕೂರುತ್ತಿದ್ದೆ. ಪಕ್ಕದಲ್ಲಿ ಮಗಳು, ಅವಳ ತೊಡೆಯ ಮೇಲೆ ಸ್ಲೇಟು. ಸ್ಲೇಟಿನ ಮೇಲೆ ಏನೂ ಇರುತ್ತಿರಲಿಲ್ಲ.

ಶಾಲೆಯಿಂದ ಬರುವಾಗಲೂ ಅದು ಖಾಲಿಯೇ. ಅವಳು ಬರೆಯುವುದೇ ಇಲ್ಲ ಎಂದು ಕ್ಲಾಸಿನ ಮೇಡಂ ನನ್ನನ್ನು ಕರೆದು ಹೇಳಿದರು. ಎಡಗೈಯಲ್ಲಿ ಬಳಪ ಹಿಡಿಯುತ್ತಾಳೆ, ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಾಳೆ, ಈಗಲೇ ಬಲಗೈ ರೂಢಿ ಮಾಡಿಸಿ, ಒಂದನೇ ಕ್ಲಾಸಿಗೆ ಹೋದಮೇಲೆ ಕಷ್ಟವಾಗುತ್ತದೆ ಎಂದರು. ಕೆಟ್ಟ ಹೆಂಗಸೇನಲ್ಲ. ಆದರೆ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವರೆದುರು ತಲೆಯಾಡಿಸಿ, ಸ್ಕೂಟರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರ ಜೊತೆ ಜಗಳವಾಡಿದೆ. ಮನೆ ತಲುಪುವ ಹೊತ್ತಿಗೆ ಗೆದ್ದೂ ಆಗಿತ್ತು.

ಮನೆಯಲ್ಲಿ ಮಾತ್ರ ಗೆಲ್ಲುವುದು ಸುಲಭವಿರಲಿಲ್ಲ. ಅತ್ತೆ ಮೇಡಂ ಪಕ್ಷ. ಅವರು ತಿಪಟೂರು ಕಡೆಯವರು, ನಮ್ಮ ಜೊತೆಗೇ ಇದ್ದರು. ಮಗಳನ್ನು ಎತ್ತಿ ಆಡಿಸಿದ್ದೆಲ್ಲ ಅವರೇ. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅಯ್ನೋರು ಮಗುವಿನ ಬಲಗೈ ಹಿಡಿದು ಬರೆಸಲು ಹೋದರೆ ಇವಳು ಆ ಕೈ ಕಿತ್ತುಕೊಂಡು ಎಡಗೈ ಚಾಚಿದ್ದಳು. ನೆಂಟರೆಲ್ಲ ನಕ್ಕರು. ಅತ್ತೆಯೂ ನಗುತ್ತಲೇ ಬಲಗೈಯನ್ನು ಎಳೆದು ಅಕ್ಕಿಯ ಮೇಲಿಟ್ಟರು. ಅವತ್ತಿನಿಂದ ಅವರ ಕೆಲಸ ಅದೇ ಆಯಿತು. ಚಮಚ, ಲಾಡು, ಕ್ರೇಯಾನು, ಏನೇ ಇರಲಿ, ಒಂದು ಮಾತೂ ಗದರದೆ ಮೆಲ್ಲಗೆ ಎಡಗೈಯಿಂದ ಬಲಗೈಗೆ ದಾಟಿಸಿಬಿಡುವರು. ಎಡಗೈ ಗಲೀಜು ಕಣೆ ಮಗಳೇ, ಅಷ್ಟೇ ಅನ್ನುವರು. ನನ್ನ ಗಂಡನೋ, ತಾನಾಗಿ ಸರಿಹೋಗುತ್ತೆ ಬಿಡು ಎಂದು ನನಗೂ ಹೇಳಿ, ಅದನ್ನೇ ಅಮ್ಮನಿಗೂ ಹೇಳಿ, ಪೇಪರ್ ಮರೆಗೆ ಹೋಗುವ ಆಸಾಮಿ.

ಮಗು ಅಕ್ಷರ ಕಲಿಯದೆ ಉಳಿದುಬಿಡುತ್ತದೆ ಎಂಬ ಹೆದರಿಕೆ ನನಗಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಅವಳು ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಲು ಕಲಿತಿದ್ದಳು. ಹಳೆಯ ಕ್ಯಾಲೆಂಡರಿನ ಹಿಂಬದಿಗಳಲ್ಲಿ ಆನೆ, ಆಟೋ, ಚಂದ್ರ ಎಂದು ಗೀಚಿ ತುಂಬಿಸುತ್ತಿದ್ದವಳು ಅದನ್ನೂ ನಿಲ್ಲಿಸಿಬಿಟ್ಟಿದ್ದಳು. ಬರೆಯುವ ಆಸೆಯೇ ಸತ್ತುಹೋದರೆ ಎಂದು ನನಗೆ ಭಯ. 

ಒಂದು ಮಧ್ಯಾಹ್ನ ಗೋಡೆಗೊರಗಿ ಕಣ್ಣು ಮುಚ್ಚಿದ್ದೆ. ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಹೊತ್ತು. ಬಳಪ ಸ್ಲೇಟಿಗೆ ತಾಗುವ ಸದ್ದು ಕೇಳಿಸಿತು. ರೆಪ್ಪೆ ಸ್ವಲ್ಪವೇ ತೆರೆದು ನೋಡಿದೆ. ಅವಳು ಎಡಗೈ ಹೊರಗೆ ತೆಗೆದು ಬರೆಯುತ್ತಿದ್ದಳು. ‘ಅ’ ಬರೆದಳು, ದುಂಡಗೆ. ‘ಆ’ ಬರೆಯುವಾಗ ಅವಳ ಅಂಗೈಯ ಅಂಚು ‘ಅ’ ಮೇಲೆ ಹಾದುಹೋಯಿತು. ‘ಇ’ ಬರೆಯುವಾಗ ‘ಆ’ ಮೇಲೆ. ಸಾಲು ಮುಗಿಸಿ ಕೈ ಎತ್ತಿದರೆ ಕೊನೆಯ ಅಕ್ಷರದ ಅರ್ಧ ಬಾಲ ಮಾತ್ರ ಉಳಿದಿತ್ತು. ಬೆಳ್ಳಗಾದ ಅಂಗೈಯನ್ನು ತಿರುಗಿಸಿ ನೋಡಿ, ಫ್ರಾಕಿಗೆ ಒರೆಸಿ, ಮತ್ತೆ ತೊಡೆಯ ಕೆಳಗೆ ಸೇರಿಸಿದಳು. ನಾನು ಎದ್ದು ಕುಳಿತೆ. ಅವಳು ಸಿಕ್ಕಿಬಿದ್ದವಳ ಹಾಗೆ ನನ್ನನ್ನು ನೋಡಿದಳು.

"ಈ ಕೈ ಅಕ್ಷರ ತಿಂದ್ಬಿಡುತ್ತೆ ಅಮ್ಮ," ಎಂದಳು.

ಶಾಲೆಯಲ್ಲಿ ಅವಳು ದಿನವೂ ಬರೆಯುತ್ತಿದ್ದಳು. ಬರೆದದ್ದು ಮೇಡಂ ಬಳಿಗೆ ಹೋಗುವ ಹೊತ್ತಿಗೆ ಉಳಿಯುತ್ತಿರಲಿಲ್ಲ, ಅಷ್ಟೇ.

ಅವಳನ್ನು ಬಾಚಿ ತಬ್ಬಿಕೊಂಡೆನೇನೋ ಸರಿ, ಕಲಿಸುವುದು ಹೇಗೆಂದು ತಿಳಿಯಲಿಲ್ಲ. ಅವಳ ಕೈ ಹಿಡಿದು ಬರೆಸಲು ಹೋದರೆ ನನ್ನ ಬಲಗೈ ಒಂದು ಕಡೆ ಎಳೆಯುತ್ತದೆ, ಅವಳ ಎಡಗೈ ಇನ್ನೊಂದು ಕಡೆ. ಕೊನೆಗೆ ನಾನೇ ಎಡಗೈಯಲ್ಲಿ ಬಳಪ ಹಿಡಿದು ಕುಳಿತೆ. ‘ಅ’ ಎಲ್ಲಿಂದ ಶುರುವಾಗುತ್ತದೆ ಎಂಬುದೇ ಮರೆತುಹೋದಂತಾಯಿತು. ಕೈ ನನ್ನದೇ, ಆದರೆ ಅದು ಯಾವತ್ತೂ ಶಾಲೆಗೆ ಹೋಗಿರಲಿಲ್ಲ. ಒಂದು ಸುತ್ತು ಹಾಕುವಷ್ಟರಲ್ಲಿ ಹೊಂಗೆಯ ನೆರಳು ಒಂದು ಗೇಣು ಸರಿದಿರುತ್ತಿತ್ತು. ಅರ್ಥವಿಲ್ಲದ ಒಂದು ಗೆರೆ ಬಾಗಿ, ತಿರುಗಿ, ತನ್ನನ್ನೇ ಮುಟ್ಟಿ, ಇದ್ದಕ್ಕಿದ್ದಂತೆ ಅಕ್ಷರವಾಗುವುದನ್ನು ನಾನು ಮೊದಲ ಸಲ ನೋಡಿದೆ. ಬಲಗೈಯಲ್ಲಿ ಜೀವನವಿಡೀ ಬರೆದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಸೊಟ್ಟ ಅಕ್ಷರ ನೋಡಿ ಮಗಳು ಬಿದ್ದು ಬಿದ್ದು ನಕ್ಕಳು. ಸ್ಲೇಟನ್ನು ಓರೆಯಾಗಿಟ್ಟು, ಕೈಯನ್ನು ಸಾಲಿನ ಕೆಳಗೆ ಇಟ್ಟುಕೊಂಡರೆ ಅಳಿಸುವುದಿಲ್ಲ ಎಂದು ನಾವಿಬ್ಬರೂ ಸೇರಿ ಕಂಡುಕೊಂಡೆವು. ಆದರೂ ಮರೆತು ಮರೆತು ಅಳಿಸಿಕೊಳ್ಳುತ್ತಿದ್ದಳು. ಒಳಗಿನಿಂದ ಅಜ್ಜಿಯ ಬಳೆ ಸದ್ದು ಕೇಳಿದರೆ ಸಾಕು, ಆ ಕೈ ಮಾಯ.

ಅತ್ತೆ ದಿನವೂ ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂರುತ್ತಾರೆ. ಕೊರಳಲ್ಲಿರುವ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ವಿಭೂತಿ, ಪತ್ರೆ ಏರಿಸಿ, ಅದನ್ನೇ ನೋಡುತ್ತ ಕೂರುವುದು ಅವರ ಮನೆತನದ ಕ್ರಮ. ಆಗ ಯಾರೂ ಮಾತಾಡಿಸುವಂತಿಲ್ಲ. ಶಾಲೆಗೆ ರಜೆಯಿದ್ದ ಒಂದು ದಿನ ಮಗಳು ಹೋಗಿ ಅವರೆದುರು ಚಕ್ಕಂಬಕ್ಕಳ ಹಾಕಿ ಕುಳಿತಳು. ಊದುಬತ್ತಿಯ ಹೊಗೆ ಕಿಟಕಿಯ ಬಿಸಿಲಿಗೆ ಏರುತ್ತಿತ್ತು. ನಾನು ಅಡುಗೆಮನೆಯಲ್ಲಿ ಅವರ ಕಾಫಿಗೆ ಹಾಲು ಕಾಯಿಸುತ್ತಿದ್ದೆ. ಪೂಜೆ ಮುಗಿದು, ಅತ್ತೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಳ್ಳುವವರೆಗೂ ಅವಳು ಕಾದಳು.

"ಅಜ್ಜಿ, ದೇವ್ರನ್ನ ಎಡಗೈಲಿ ಇಟ್ಕೊಂಡಿದ್ಯಲ್ಲ, ಆ ಕೈ ಗಲೀಜಲ್ವಾ?"

ಅತ್ತೆ ತಮ್ಮ ಎಡ ಅಂಗೈಯನ್ನು ಬಿಡಿಸಿ ನೋಡಿಕೊಂಡರು. ಎಷ್ಟೋ ವರ್ಷಗಳ ವಿಭೂತಿ ಅಲ್ಲಿನ ಗೆರೆಗಳೊಳಗೆ ಇಳಿದಿತ್ತು. ಕಾಫಿ ತಂದಿಟ್ಟೆ, ಕುಡಿಯಲಿಲ್ಲ. ನನ್ನ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ನನ್ನ ಮಟ್ಟಿಗೆ ಅದು ದೊಡ್ಡ ಸಾಹಸ.

ಅವತ್ತು ಮಧ್ಯಾಹ್ನ ಅತ್ತೆ ವರಾಂಡಕ್ಕೆ ಬಂದು ಮೊಮ್ಮಗಳಿಗೆ ಬರೆದು ತೋರಿಸಲು ಹೇಳಿದರು. ಅವಳು ನನ್ನ ಮುಖ ನೋಡಿ, ಹೆದರುತ್ತಲೇ ಎಡಗೈ ತೆಗೆದಳು. ಬರೆದಳು, ಅಳಿಸಿಕೊಂಡಳು. ಅತ್ತೆ ನೋಡಿದರು. ಒಳಗೆ ಹೋಗಿ ರಂಗೋಲಿ ಬಟ್ಟಲು ತಂದರು. ನಾನು ಈ ಮನೆಗೆ ಬಂದ ಹೊಸದರಲ್ಲಿ ರಂಗೋಲಿ ಹಾಕುವಾಗ ಕೈ ನೆಲಕ್ಕೆ ತಾಗಿಸಿ ಅವರಿಂದ ಬೇಕಾದಷ್ಟು ಅನ್ನಿಸಿಕೊಂಡಿದ್ದೇನೆ. ಈಗ ಅವರು ಮೊಮ್ಮಗಳ ಎಡಗೈಯ ಬೆರಳುಗಳ ನಡುವೆ ಚಿಟಿಕೆ ಪುಡಿ ಇಟ್ಟು, ಅದನ್ನು ನೆಲದಿಂದ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದರು. ಎಡಗೈಯಲ್ಲಿ ಹೊಸ್ತಿಲು ಸಾರಿಸಲೂ ಬಿಡದಿದ್ದ ಹೆಂಗಸು.

"ಕೈ ಮೇಲಿರ್ಬೇಕು, ಪುಡಿ ಬೀಳ್ಬೇಕು. ಕೈ ತಾಗ್ದಿದ್ರೆ ಅದು ಹೆಂಗೆ ಅಳ್ಸುತ್ತೆ?" ಎಂದರು.

ಕೆಂಪು ನೆಲದ ಮೇಲೆ ಬಿಳಿಯ ‘ಅ’ ಬಿತ್ತು, ಒಂದು ಊಟದ ತಟ್ಟೆಯಷ್ಟು ದೊಡ್ಡದು. ಅದರ ಪಕ್ಕದಲ್ಲಿ ‘ಆ’. ಮಗಳು ಮೊಣಕಾಲಿನ ಮೇಲೆ ಬಲಕ್ಕೆ ಸರಿದಳು, ತಿರುಗಿ ನೋಡಿದಳು. ‘ಅ’ ಇದ್ದಲ್ಲೇ ಇತ್ತು. ಮತ್ತೆ ಸರಿದಳು, ಮತ್ತೆ ತಿರುಗಿದಳು. ಟ್ಯೂಷನ್ನಿನ ಮಗ್ಗಿ ಎಲ್ಲೋ ದೂರದಲ್ಲಿ ನಡೆಯುತ್ತಿತ್ತು. ನಾವು ಮೂವರೂ ಯಾವುದೋ ಒಂದೇ ಕನಸಿನೊಳಗೆ ಕುಳಿತಿದ್ದೇವೆ ಅನ್ನಿಸಿತು. ಮೀಟಿಂಗಿಗೆ ತಡವಾಗಿ ಹೋದೆ, ಬೈಸಿಕೊಂಡೆ, ಸ್ವಲ್ಪವೂ ಬೇಜಾರಾಗಲಿಲ್ಲ.

ಆಮೇಲೆ ದಿನವೂ ವರಾಂಡದಲ್ಲಿ ಅಕ್ಷರದ ರಂಗೋಲಿ. ಕೈ ಎತ್ತಿ ಹಿಡಿಯುವ ರೂಢಿ ಮೆಲ್ಲಗೆ ಸ್ಲೇಟಿಗೂ ಬಂತು. ಒಂದು ದಿನ ತುಂಬಿದ ಸ್ಲೇಟು ಹಿಡಿದುಕೊಂಡು ಶಾಲೆಯಿಂದ ಬಂದಳು. ಮೇಡಂ ಮತ್ತೆ ಕೈಯ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಪಕ್ಕದ ಮನೆಯ ಆಂಟಿ ಮಾತ್ರ, ಏನ್ರೀ ಮಗೂಗೆ ಎಡಗೈಲಿ ರಂಗೋಲಿ ಹಾಕಿಸ್ತಿದೀರಲ್ಲ ಎಂದು ಕಾಂಪೌಂಡಿನ ಮೇಲಿಂದ ಕೇಳಿದರು. ಅವಳಿಗೆ ಅದೇ ಬರೋ ಕೈ ಎಂದು ಹೇಳಿ ಅತ್ತೆ ಬಟಾಣಿ ಸುಲಿಯುವುದನ್ನು ಮುಂದುವರಿಸಿದರು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಉಕ್ಕಿದ ಪ್ರೀತಿಯನ್ನು ಇಂದಿಗೂ ಅವರಿಗೆ ಹೇಳಿಲ್ಲ.

ನಾನು ಆಫೀಸಿಗೆ ಹೋಗಬೇಕಿದ್ದ ಒಂದು ಬೆಳಿಗ್ಗೆ. ಕ್ಯಾಬು ತಿರುವಿನಲ್ಲಿ ನಿಂತು ಫೋನ್ ಮಾಡುತ್ತಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಿ ಬಂದವಳು ಗೇಟಿನ ಬಳಿ ನಿಂತುಬಿಟ್ಟೆ. ಯಾರೂ ಹೇಳದೆ, ಯಾರನ್ನೂ ಕೇಳದೆ, ಮಗಳು ಗೇಟಿನ ಮುಂದೆ ಈ ಕಂಬದಿಂದ ಆ ಕಂಬದವರೆಗೆ ಅಕ್ಷರ ಬರೆದುಬಿಟ್ಟಿದ್ದಳು. ಸೊಟ್ಟಗೆ, ದೊಡ್ಡದಾಗಿ, ಒಂದೂ ಬಿಡದೆ. ಕಾಲಿಡಲು ಜಾಗವಿಲ್ಲ. ಅಕ್ಷರ ತುಳಿಯಬಾರದೆಂದು ಹೇಳಿಸಿಕೊಂಡು ಬೆಳೆದವಳು ನಾನು. ಅದಕ್ಕಿಂತ ಹೆಚ್ಚಾಗಿ, ಅವಳು ಬರೆದದ್ದು ಇನ್ನೊಂದು ಸಲ ಅಳಿಸಿಹೋಗುವುದು, ಅದೂ ನನ್ನ ಕಾಲಿನಿಂದ, ನನಗೆ ಬೇಡವಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಗಳು ಎಡಗೈಯ ಪುಡಿಯನ್ನು ಫ್ರಾಕಿಗೆ ಒರೆಸಿಕೊಂಡು ಎದ್ದಳು.

"ಹೋಗಮ್ಮ, ಅಳ್ಸೋದ್ರೆ ಹೋಗ್ಲಿ. ನಾಳೆ ಮತ್ತೆ ಬರೀತೀನಿ."

ನಾನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಅಕ್ಷರಗಳ ಮೇಲೆ ನಡೆದು ರಸ್ತೆಗೆ ಇಳಿದೆ.