ಅಮ್ಮಾಜಮ್ಮನ ಕೋಸೂ ಕಳ್ಳ ಕೋಳಿಯೂ

ಟಕ್, ಟಕ್, ಟಕ್. ಹಿತ್ತಲಲ್ಲಿ ಕವುಚಿಟ್ಟ ಬುಟ್ಟಿಯೊಳಗಿಂದ ಚುಕ್ಕಿ ಕೋಳಿ ಬಿದಿರನ್ನು ಕುಕ್ಕುತ್ತಿತ್ತು. ಸೆರೆ ಬಿದ್ದು ಅದಕ್ಕೆ ಎರಡನೆಯ ದಿನ. ಬಾಗಿಲು ಓರೆಯಾಗಿದ್ದ ಒಂದು ಗಳಿಗೆಯಲ್ಲಿ ಹುಳುವಿನ ಕೋಣೆಗೆ ನುಗ್ಗಿ, ಅರ್ಧ ತಟ್ಟೆ ರೇಷ್ಮೆಹುಳು ನುಂಗಿ, ಏನೂ ಆಗಿಲ್ಲವೆಂಬಂತೆ ಹೊರಗೆ ಬಂದಿತ್ತು. ಬರುವ ಭಾನುವಾರ ಅದನ್ನು ಸಾರಿಗೆ ಹಾಕುವುದೆಂದು ಅಮ್ಮಾಜಮ್ಮನ ಅತ್ತೆ ಪೆದ್ದಮ್ಮ ತೀರ್ಪು ಕೊಟ್ಟಾಗಿತ್ತು.

ಅಮ್ಮಾಜಮ್ಮ ಕೆಂಚಾರ್ಲಹಳ್ಳಿಯಲ್ಲಿ ಹುಟ್ಟಿ, ಹದಿನೈದಕ್ಕೆ ದಿಬ್ಬೂರಹಳ್ಳಿಗೆ ಸೊಸೆಯಾಗಿ ಬಂದವಳು. ಅಂದಿನಿಂದ ಇಪ್ಪತ್ತು ವರ್ಷ ಹುಳು ಮೇಯಿಸಿದ್ದಾಳೆ. ತಟ್ಟೆಯ ಸಾವಿರ ಹುಳುಗಳ ನಡುವೆ ಸೊರಗಿದ ಒಂದನ್ನು ಅವಳ ಕಣ್ಣು ಬಾಗಿಲಿನಿಂದಲೇ ಪತ್ತೆಮಾಡುತ್ತಿತ್ತು. ಅವಳಿಗಿದ್ದ ಇನ್ನೊಂದು ಹುಚ್ಚೆಂದರೆ ಹಿತ್ತಲ ಕೈತೋಟ. ಸಾವಿರದ ಒಂಬೈನೂರ ಐವತ್ತೊಂಬತ್ತರ ಕಾರ್ತಿಕದಲ್ಲಿ ಸರ್ಕಾರದ ಗ್ರಾಮಸೇವಕ ಚನ್ನಕೇಶವ ಕೊಟ್ಟ ಸಸಿಯಿಂದ ಊರಿಗೇ ಮೊದಲ ಕೋಸು ಅಲ್ಲಿ ಸುತ್ತು ಕಟ್ಟುತ್ತಿತ್ತು. ಶುಕ್ರವಾರ ದೊಡ್ಡ ಆಫೀಸರು ಅದನ್ನು ನೋಡಲು ಬರುವವರಿದ್ದರು. ಪಂಚಾಯಿತಿ ಮೆಂಬರಾದ ಗಂಡ ಬಯ್ಯಪ್ಪ ಆ ಸುದ್ದಿಯನ್ನು ಅರಳಿಕಟ್ಟೆಯಲ್ಲಿ ಸಾರಿ ಬಂದಿದ್ದ.

ಆ ಸೋಮವಾರ ಬೆಳಿಗ್ಗೆ ಚನ್ನಕೇಶವ ಬಂದು ಕೋಸಿನ ಮುಂದೆ ಕುಕ್ಕರಿಸಿದ. ಎಲೆಯ ತುಂಬ ತೂತು. ಅಡಿಯಲ್ಲಿ ಹಸಿರು ಹುಳುಗಳು.

"ಏನಮ್ಮ ಇದು, ಎಲೆಯೆಲ್ಲ ಜರಡಿ ಆಗ್ಬಿಟ್ಟಿದೆ. ಸೈಕಲ್ಲಲ್ಲಿ ಪುಡಿ ಡಬ್ಬ ಇದೆ. ಉದುರಿಸಿದ್ರೆ ಒಂದು ಹುಳಾನೂ ಉಳಿಯಲ್ಲ."

"ಅದೇ ಕಣಪ್ಪ ನನ್ನ ಹೆದ್ರಿಕೆ," ಎಂದಳು ಅಮ್ಮಾಜಮ್ಮ. "ಒಳಗೆ ನಲವತ್ತು ತಟ್ಟೆ ರೇಷ್ಮೆಹುಳ ಅವೆ. ಪೊರೆ ಬಿಡೋ ನಾಲ್ಕನೇ ಜ್ವರ ಎದ್ದು ಮೂರು ದಿನ, ವಾರ ತುಂಬೋದ್ರಲ್ಲಿ ಗೂಡು ಕಟ್ತವೆ. ಗಾಳಿ ಈ ಕಡೆ ತಿರುಗಿದ್ರೆ ಎಲ್ಲ ಸತ್ತೋಗ್ತವೆ. ಮೊದ್ಲು ಆ ಡಬ್ಬ ತಗೊಂಡೋಗಿ ಊರಾಚೆ ಹೊಂಗೆ ಮರಕ್ಕೆ ನೇತಾಕು. ಕೈ ತೊಳ್ಕೊಂಡು ಬಾ, ಕಾಫಿ ಕೊಡ್ತೀನಿ."

"ಆಫೀಸರು ಬಂದ್ರೆ ನಾನೇನು ಹೇಳ್ಲಿ? ನಿಮ್ಮ ಯಜಮಾನ್ರೇ ಒಪ್ಪಿದಾರೆ."

"ಅವರು ಕಟ್ಟೇಲಿ ಒಪ್ತಾರೆ, ರೇಷ್ಮೆಹುಳಕ್ಕೆ ಸೊಪ್ಪು ಹಾಕೋಳು ನಾನು. ಗುರುವಾರ ಸಾಯಂಕಾಲ ಬಂದು ನೋಡು. ಒಂದೇ ಒಂದು ಹುಳ ಸಿಕ್ಕಿದ್ರೆ ನಿನ್ನ ಪುಡಿ ನೀನು ಉದುರಿಸು."

ಮಾತು ಕೊಟ್ಟದ್ದಾಯಿತು. ಅವನು ಹೋದ ಮೇಲೆ ಗಿಡ ಎಣಿಸಿದಳು. ಮೂವತ್ತಾರು ಗಿಡ, ಎರಡೇ ಕೈ, ಅವೂ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದಕ್ಕೇ ಸಾಲವು. ಬುಟ್ಟಿಯಿಂದ ಮತ್ತೆ ಟಕ್ ಟಕ್ ಕೇಳಿಸಿತು. ಅಮ್ಮಾಜಮ್ಮ ಅತ್ತ ನೋಡಿದಳು. ಹುಳುವಿನ ಮೇಲೆ ಅಷ್ಟೊಂದು ಆಸೆಯಿರುವ ಇನ್ನೊಂದು ಜೀವ ಊರಲ್ಲಿರಲಿಲ್ಲ.

ನೆಲಕ್ಕೆ ಬಿಟ್ಟರೆ ಕೋಳಿ ಬೇರನ್ನೇ ಕೆದಕುತ್ತದೆ. ಹಾಗಾಗಿ ಚುಕ್ಕಿಯನ್ನು ಕಂಕುಳಲ್ಲಿ ಅವುಚಿಕೊಂಡು, ಕಾಲೆರಡನ್ನೂ ಅಂಗೈಯಲ್ಲಿ ಹಿಡಿದು, ಎಲೆ ಎತ್ತಿ ತೋರಿಸಿದಳು. ಕುತ್ತಿಗೆ ಉದ್ದವಾಯಿತು, ಹುಳು ಮಾಯವಾಯಿತು.

"ಏಮೇ, ಕೋಳೀನ ಕೂಸಿನಂಗೆ ಎತ್ಕೊಂಡು ತಿರುಗ್ತಾ ಇದೀಯಲ್ಲ, ದೃಷ್ಟಿ ತೆಗೀಲಾ?" ಎಂದಳು ಪೆದ್ದಮ್ಮ.

"ತೆಗೀರಿ ಅತ್ತೆಮ್ಮ. ನಿಮ್ಮ ಸಾರಿಗೆ ಚೆನ್ನಾಗಿ ಕೊಬ್ಬಿಸ್ತಾ ಇದೀನಿ."

ಬೆಳಿಗ್ಗೆ ಒಂದು ಸುತ್ತು, ಬಿಸಿಲು ಇಳಿದ ಮೇಲೆ ಒಂದು ಸುತ್ತು. ಹೊಟ್ಟೆ ಬಿರಿದು ಚುಕ್ಕಿ ಮುಖ ತಿರುಗಿಸಿದರೆ ಅದಕ್ಕೆ ನೆರಳಲ್ಲಿ ವಿಶ್ರಾಂತಿ. ಆಗ ಅಮ್ಮಾಜಮ್ಮ ಎಲೆಯಡಿಯ ಮೊಟ್ಟೆಗಳನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಬುಧವಾರದ ಹೊತ್ತಿಗೆ ಕೋಳಿ ಅವಳನ್ನು ಕಂಡರೆ ತಾನೇ ಓಡಿಬರುತ್ತಿತ್ತು. ಪೆದ್ದಮ್ಮನೂ ಸಾರಿನ ಮಾತು ಎತ್ತುವುದನ್ನು ಬಿಟ್ಟಿದ್ದಳು.

ಗುರುವಾರ ಸಂಜೆ ಚನ್ನಕೇಶವ ಪ್ಯಾಂಟು ಮಡಚಿ, ಗಿಡದಿಂದ ಗಿಡಕ್ಕೆ ಎಲೆ ಮಗುಚುತ್ತ ಹೋದ. ಮೂವತ್ತೈದು ಗಿಡ ದಾಟಿತು. ಕೊನೆಯದರ ಸುಳಿಯಲ್ಲಿ, ಕಡ್ಡಿಯಷ್ಟು ಸಣ್ಣದೊಂದು ಹುಳು ಮೈ ಬಗ್ಗಿಸಿಕೊಂಡು ಕೂತಿತ್ತು. ಅಮ್ಮಾಜಮ್ಮನ ಕಣ್ಣೂ ಅಲ್ಲೇ ಬಿತ್ತು. ಅವಳ ಕಂಕುಳಲ್ಲಿದ್ದ ಚುಕ್ಕಿ ಕುತ್ತಿಗೆ ಚಾಚಿತು. ಗಾಳಿ ಹುಳುವಿನ ಕೋಣೆಯ ಕಡೆಗೇ ಬೀಸುತ್ತಿತ್ತು.

ಅವನು ಹುಳುವನ್ನು ಎರಡು ಬೆರಳಲ್ಲಿ ಎತ್ತಿ ಚುಕ್ಕಿಯ ಕೊಕ್ಕಿನ ಮುಂದೆ ಹಿಡಿದ.

"ಏನೂ ಸಿಗಲಿಲ್ಲಮ್ಮ," ಎಂದ. "ಕಾಫಿ ಇದೆಯಾ?"

ಶುಕ್ರವಾರ ಜೀಪು ಬಂತು. ಆಫೀಸರು ಕೋಸನ್ನು ತಟ್ಟಿ ನೋಡಿ, ಯಾವ ಪುಡಿ ಹಾಕಿದಿರಿ ಎಂದು ಕೇಳಿದರು. ಬಯ್ಯಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಮ್ಮಾಜಮ್ಮ ಚುಕ್ಕಿಯನ್ನು ಆಫೀಸರ ಕಂಕುಳಿಗೆ ಇಟ್ಟಳು.

"ಹಿಂಗೆ ಹಿಡ್ಕೊಳ್ಳಿ ಸ್ವಾಮಿ. ಕಾಲು ಬಿಗಿಯಾಗಿರ್ಲಿ, ಕುತ್ತಿಗೆ ಸಡಿಲ ಬಿಡಿ."

"ಇದು ಕುಕ್ಕಲ್ಲ ತಾನೆ?" ಎಂದರು ಆಫೀಸರು. "ಸರಿ, ಒಂದು ಸಾಲಿಗೆ ಎಷ್ಟು ಹೊತ್ತು ಬೇಕು?"

"ಅದರ ಹಸಿವು ನೋಡ್ಕೊಂಡು..." ಎಂದವಳು ಕಿವಿ ನಿಮಿರಿಸಿದಳು. ವಾರದಿಂದ ಗೋಡೆಯಾಚೆ ಜಿನುಗುಮಳೆಯಂತೆ ಕೇಳುತ್ತಿದ್ದ, ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ತೆಳುವಾಗಿತ್ತು.

"ಅಮ್ಮಾಜೀ," ಒಳಗಿಂದ ಪೆದ್ದಮ್ಮ ಕೂಗಿದಳು, "ಹುಳ ಹಣ್ಣಾದ್ವು, ಮೇವು ಬಿಟ್ಟು ತಲೆ ಎತ್ತಿವೆ. ಗೂಡು ಕಟ್ಸೋ ಚಂದ್ರಿಕೆ ಇಳಿಸು ಬಾರೇ."

"ಹಸಿವು ನೋಡ್ಕೊಂಡು ಏನಮ್ಮ?" ಕೋಳಿ ಹಿಡಿದ ಆಫೀಸರು ಕೇಳುತ್ತಲೇ ಇದ್ದರು. ಅಮ್ಮಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೋಸಿನ ಸಾಲು ದಾಟಿ, ನಗುತ್ತ ಒಳಗೆ ನಡೆದುಬಿಟ್ಟಳು.