ಸೆಗಣಿ ಸಾರಿಸಿದ ಕರೆಂಟಿನ ಒಲೆ

ಸೆಗಣಿ ಸುಡುವ ವಾಸನೆ ಎರಡು ಬಗೆಯದು. ಒಣಗಿದ ಕುಳ್ಳು ಉರಿಯುವಾಗ ಬರುವುದನ್ನು ಹೇಗೋ ಸಹಿಸಬಹುದು. ಹಸಿ ಸೆಗಣಿ ಕಾದ ತಂತಿಯ ಮೇಲೆ ಚುರುಗುಟ್ಟುವಾಗ ಏಳುವುದು ಬೇರೆಯೇ. ಮೊದಲು ಹುಳಿಹುಳಿಯಾದ ಹಬೆ, ಆಮೇಲೆ ಕೂದಲು ಸುಟ್ಟಂಥ ಘಾಟು. ಅದು ಹಾಲಿಗೆ ಹತ್ತುತ್ತದೆ, ಹೆರಳಿಗೆ ಹತ್ತುತ್ತದೆ. ಅರವತ್ತರ ದಶಕದ ಮೊದಮೊದಲಲ್ಲಿ, ಧಾರವಾಡದ ನಮ್ಮ ಬಾಡಿಗೆ ಮನೆಯಲ್ಲಿ, ಎಂಟು ತಿಂಗಳು ನಾನು ಆ ವಾಸನೆಯಲ್ಲೇ ಅಡುಗೆ ಮಾಡಿದೆ. ಇದನ್ನು ಬರೆಯುವಾಗಲೂ ಸೆರಗು ತಾನಾಗಿ ಮೂಗಿಗೆ ಹೋಗುತ್ತದೆ.

ಮನೆಯಲ್ಲಿ ಮೂವರೇ ಇದ್ದೆವು: ಅತ್ತೆ, ಕಚೇರಿಗೆ ಹೋಗುವ ಗಂಡ, ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿ ಮದುವೆಯಾಗಿ ಬಂದ ನಾನು. ನನಗೆ ಚಿಕ್ಕಂದಿನಿಂದಲೇ ಉಬ್ಬಸ. ಮಳೆಗಾಲದ ಹಸಿ ಕಟ್ಟಿಗೆ ಉರಿಯುತ್ತಲೂ ಇರಲಿಲ್ಲ, ಆರುತ್ತಲೂ ಇರಲಿಲ್ಲ; ಊದುಗೊಳವೆ ಊದಲು ನನ್ನ ಎದೆಯಲ್ಲಿ ಗಾಳಿಯೇ ಉಳಿಯುತ್ತಿರಲಿಲ್ಲ. ಆ ಮೊದಲ ಮಳೆಗಾಲದಲ್ಲಿ ಎರಡು ಸಲ ಒಲೆಯ ಮುಂದೆಯೇ ಕುಸಿದೆ. ನೋಡಲು ಬಂದ ಡಾಕ್ಟರು ನನ್ನ ಗಂಡನನ್ನು ಹೊರಗೆ ಕರೆದು, ನನಗೆ ಕೇಳಿಸುವಷ್ಟು ಗಟ್ಟಿಯಾಗಿಯೇ, "ಹೊಗಿ ಬಿಡಸ್ರಿ. ಇನ್ನೊಂದು ಮಳಿಗಾಲ ಹಿಂಗಾದ್ರ ಈಕಿ ಉಳಿಯೂದು ಕಷ್ಟ ಐತಿ" ಎಂದರು.

ಆ ವಾರವೇ ಗಂಡ ಹುಬ್ಬಳ್ಳಿಗೆ ಹೋಗಿ ದುರ್ಗದಬೈಲಿನ ಪೇಟೆಯಿಂದ ಕರೆಂಟಿನ ಒಲೆ ತಂದರು. ಕಬ್ಬಿಣದ ಮೂರು ಕಾಲು, ಮೇಲೆ ದುಂಡನೆಯ ಮಣ್ಣಿನ ಬಿಲ್ಲೆ, ಬಿಲ್ಲೆಯ ತುಂಬ ಸುತ್ತು ಸುತ್ತಾದ ಕಾಲುವೆ, ಕಾಲುವೆಯೊಳಗೆ ಸುರುಳಿ ತಂತಿ. ಬಟನ್ ಒತ್ತಿದರೆ ತಂತಿ ಮೊದಲು ಸಣ್ಣಗೆ ಗುಂಯ್ ಎನ್ನುತ್ತಿತ್ತು, ಆಮೇಲೆ ಕುಂಕುಮದ ಬಣ್ಣಕ್ಕೆ ತಿರುಗುತ್ತಿತ್ತು. ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸಿದ ಸಿಸ್ಟರ್ ಹೇಳಿದ್ದು ಕಣ್ಣೆದುರಿಗೇ ಬಂತು. ತಾಮ್ರದ ತಂತಿ ಕರೆಂಟಿಗೆ ದಾರಿ ಬಿಡುತ್ತದೆ, ಈ ತಂತಿ ಅಡ್ಡ ನಿಲ್ಲುತ್ತದೆ. ಆ ಗುದ್ದಾಟದಲ್ಲಿ ಖರ್ಚಾದದ್ದೇ ಶಾಖ. ಬಲ್ಬಿನಲ್ಲಿ ಅದೇ ಕರೆಂಟು ಬೆಳಕಾಗುತ್ತದೆ, ಫ್ಯಾನಿನಲ್ಲಿ ತಿರುಗಾಟ, ರೇಡಿಯೊದಲ್ಲಿ ದನಿ. ಏನೇ ಆಗಲಿ, ಒಂದಿಷ್ಟು ಶಾಖ ಮಾತ್ರ ಕರೆಯದೆಯೇ ಬರುತ್ತದೆ.

ಆ ಕರೆಯದ ಶಾಖ ಏನೇನು ಮಾಡುತ್ತದೆ ಎಂದು ಸಿಸ್ಟರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ರೇಡಿಯೊದ ಬೆನ್ನು ಬೆಚ್ಚಗಿರುತ್ತಿತ್ತೆಂದು ಅಲ್ಲೊಂದು ಹಲ್ಲಿ ಸಂಸಾರ ಹೂಡಿತ್ತು. ಒರೆಸಲು ಹೋದರೆ ಕೈಗೆ ಮೆತ್ತನೆಯ ಮೊಟ್ಟೆ ಸಿಗುತ್ತಿತ್ತು. ಬಲ್ಬಿಗೆ ಅಂಟಿ ಹುರಿದುಹೋದ ಮಳೆಹುಳುಗಳ ರೆಕ್ಕೆ ಸಾರಿನೊಳಗೆ ಉದುರುತ್ತಿತ್ತು. ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಸುಟ್ಟ ಗಂಜಿ ಕಂದು ಹಕ್ಕಳೆಯಾಗಿ, ಗಂಡನ ಬಿಳಿ ಅಂಗಿಯ ಮೇಲೆ ಎಂಜಲಿನಂತೆ ಇಳಿಯುತ್ತಿತ್ತು. ನನಗೆ ಮೊದಲಿನಿಂದಲೂ ಹೇಸಿಗೆ ಬೇಗ. ಅತ್ತೆ ಅದನ್ನು ಕಂಡು, "ಕಾನ್ವೆಂಟ್ ಮೂಗವ್ವಾ ನಿಂದು, ಅತ್ತರಿನ ಸೀಸೇದಾಗ ಇಡಬೇಕು" ಎಂದು ನಗುತ್ತಿದ್ದರು.

ಕರೆಂಟಿನ ಒಲೆಯನ್ನು ಅವರು ಬೇಡವೆನ್ನಲಿಲ್ಲ. ಒಂದೇ ಷರತ್ತು ಹಾಕಿದರು.

"ಅನ್ನ ಬೇಯಸ್ತದಂದ್ರ ಅದೂ ಒಲೀನ. ಸಾರಸಲಾರದ ಒಲೀ ಮ್ಯಾಲಿನ ಅನ್ನ ಈ ಮನ್ಯಾಗ ಯಾರೂ ಉಂಡಿಲ್ಲ. ನನ್ನ ಕೈಯಾಗ ಶಕ್ತಿ ಇರೂತನಕ ನಾನ ಸಾರಸ್ತೇನಿ."

ಹಾಗೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬಂದು, ಹಿತ್ತಾಳೆ ಬೋಗುಣಿಯಲ್ಲಿ ಸೆಗಣಿ ಕದಡಿ ಒಲೆ ಸಾರಿಸುತ್ತಿದ್ದರು. ಮೊದಲು ಕಬ್ಬಿಣದ ಅಂಚಿಗೆ ಮಾತ್ರ. ಮುಂದೆ ಬಿಲ್ಲೆಗೂ ಬಂತು. ಬೆರಳು ತಂತಿಯ ಸುತ್ತುಗಳ ಮೇಲೆ ಸವರಿಕೊಂಡು ಹೋದಂತೆ ಹಸಿರು ರಾಡಿ ಕಾಲುವೆಗೆ ಇಳಿಯುತ್ತಿತ್ತು. ಮೇಲೆ ಎರಡೆಳೆ ರಂಗೋಲಿ. ಆಮೇಲೆ ನಾನು ಬಟನ್ ಒತ್ತಬೇಕು. ರಾಡಿ ಗುಳ್ಳೆಯೆದ್ದು ಕುದಿಯುತ್ತಿತ್ತು. ಸೆಗಣಿಯೊಳಗಿನ ಹುಲ್ಲಿನ ಎಸಳುಗಳು ಕೆಂಪಾಗಿ, ಬೆಂಕಿಯ ಹುಳುಗಳ ಹಾಗೆ ಡೊಂಕಾಗುತ್ತಿದ್ದವು. ಹಿಂದಿನ ದಿನ ಉಕ್ಕಿದ ಹಾಲಿನ ಕರಿ, ಅದರ ಮೇಲೆ ಈ ಹಕ್ಕಳೆ. ಉಸಿರು ಬಿಗಿಹಿಡಿದು ಹಾಲು ಕಾಯಿಸುತ್ತಿದ್ದೆ. ಆದರೂ ಕಟ್ಟಿಗೆಯ ಹೊಗೆಯಿಲ್ಲ. ವಾಸನೆಯೊಂದು ಆರಿದ ಮೇಲೆ ದಿನವಿಡೀ ಎದೆ ಹಗುರ. ಉಸಿರು ಬೇಕಿದ್ದರೆ ಇದನ್ನು ಮೂಸಬೇಕು, ಅಷ್ಟೇ.

ಇನ್ನೊಂದು ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು. ಒಲೆಗೆಂದು ಸಾಕೆಟ್ ಕೂಡಿಸಲು ಬಂದ ವಾಯರಮನ್ ಅದನ್ನು ಹೇಳಿ ಹೋಗಿದ್ದ. ಆಗ ಗಂಡ ಕಚೇರಿಯಲ್ಲಿದ್ದರು, ಅತ್ತೆ ಗುಡಿಗೆ ಹೋಗಿದ್ದರು.

"ಅಕ್ಕಾರ, ಬಟನ್ ಬಂದ್ ಮಾಡಿದ್ರ ಕರೆಂಟ್ ಹೋತಂತ ತಿಳಕೋಬ್ಯಾಡ್ರಿ. ಈ ಮನೀ ವಾಯರಿಂಗ್ ಉಲ್ಟಾ ಐತಿ. ಒಲಿ ಆರಿದ್ರೂ ತಂತ್ಯಾಗ ಕರೆಂಟ್ ನಿಂತಿರ್ತದ. ಒದ್ದಿ ಕೈ ಹಚ್ಚೂ ಮೊದಲ ಸಾಕೆಟ್ಟಿನಿಂದ ಪಿನ್ನು ಕಿತ್ತು ಇಡ್ರಿ."

"ಸರಿ ಮಾಡಾಕ ಬರೂದಿಲ್ಲೇನು?"

"ಬರ್ತದ. ಗ್ವಾಡಿ ಒಡೀಬೇಕು. ಮನೀ ಮಾಲಕರು ಹೂಂ ಅಂದ್ರ ಹೇಳಿ ಕಳಸ್ರಿ."

ನಾನು ಯಾರಿಗೂ ಹೇಳಲಿಲ್ಲ. ಮಾಲಕರು ಗೋಡೆ ಒಡೆಯಲು ಬಿಡುವವರಲ್ಲ. ಮುಟ್ಟಿದರೆ ಹೊಡೆಯುವ ಒಲೆ ಎಂದು ಅತ್ತೆಗೆ ತಿಳಿದರೆ ಅದು ಅಂದೇ ಹೊರಗೆ ಬೀಳುತ್ತದೆ, ನಾನು ಮತ್ತೆ ಹೊಗೆಯ ಮುಂದೆ ಕೂರುತ್ತೇನೆ. ಅದಕ್ಕೇ ಒಂದು ಉಪಾಯ ಮಾಡಿದೆ. ರಾತ್ರಿಯೇ ಕಿತ್ತಿಟ್ಟರೆ ಯಾಕೆಂದು ಯಾರಾದರೂ ಕೇಳಿಯಾರೆಂದು, ಬೆಳಿಗ್ಗೆ ಬಚ್ಚಲಲ್ಲಿ ಅವರ ತಂಬಿಗೆಯ ಸದ್ದು ಕೇಳಿದೊಡನೆ ಅಡುಗೆಮನೆಗೆ ಹೋಗಿ ಪಿನ್ನು ಕೀಳುತ್ತಿದ್ದೆ. ಅವರು ಸಾರಿಸಿ ಎದ್ದ ಮೇಲೆ ಮತ್ತೆ ಹಾಕುತ್ತಿದ್ದೆ. ಮೆತ್ತನೆಯ ಸೊಸೆ, ಮಾತು ಕಡಿಮೆ ಎಂದು ಓಣಿಯವರು ಹೊಗಳುತ್ತಿದ್ದರು.

ಒಂದು ಬೆಳಿಗ್ಗೆ ಹಾಲಿನಾಕೆ ಬಾಗಿಲಲ್ಲಿ ತಡಮಾಡಿದಳು. ಹಾಲಿನಲ್ಲಿ ನೊಣ ಬಿದ್ದಿತ್ತು. ಬೆರಳದ್ದಿ ತೆಗೆದು, "ಏನಾಗಂಗಿಲ್ಲ ತಗೊಳ್ರೀ ಅವ್ವಾರ" ಎಂದಳು. ಬೇರೆ ಹಾಲು ಕೊಡು, ಇಲ್ಲವಾದರೆ ಬೇಡ ಎಂದು ವಾದಿಸುತ್ತ ನಿಂತೆ. ಹಾಗೆ ನಿಂತಿರುವಾಗಲೇ ಪಿನ್ನು ನೆನಪಾಯಿತು. ಒಳಗೆ ಬೋಗುಣಿ ಬಿದ್ದ ಸದ್ದು ಅದೇ ಗಳಿಗೆಯಲ್ಲಿ ಕೇಳಿತು.

ಅತ್ತೆ ಗೋಡೆಗೆ ಒರಗಿ ಬಿದ್ದಿದ್ದರು. ಬಲಗೈ ಮಡಚಿಕೊಂಡಿತ್ತು. ಗೋಡೆ, ಹಿಟ್ಟಿನ ಡಬ್ಬಿ, ಅವರ ಮುಖ, ಎಲ್ಲದರ ಮೇಲೂ ಸೆಗಣಿ. ನನಗೆ ಬಂದ ಮೊದಲ ಯೋಚನೆ: ಒಲೆ ಹೋಯಿತು. ಜೀವ ಇದೆಯೇ ಎಂಬುದು ಅದರ ಹಿಂದೆ ಬಂತು. ಸೆಗಣಿ, ಹಲ್ಲಿ, ನೊಣ ಎಂದು ಮೂಗು ಮುರಿಯುತ್ತಿದ್ದ ನನಗೆ ಇಷ್ಟು ವರ್ಷಗಳಲ್ಲಿ ಆ ಎರಡು ಯೋಚನೆಗಳ ಸರದಿಯಷ್ಟು ಹೇಸಿಗೆ ಮತ್ತೊಂದರಿಂದ ಆಗಿಲ್ಲ.

ಪಿನ್ನು ಕಿತ್ತು ಅವರ ಮುಖ ಒರೆಸಿದೆ. ಹಲ್ಲಿನ ಸಂದಿಯಲ್ಲೂ ಸೆಗಣಿ ಸೇರಿತ್ತು. ನನ್ನ ಬೆರಳಿನಿಂದಲೇ ತೆಗೆದೆ. ಅವರು ಉಗುಳಿ, ಕಣ್ಣು ಬಿಟ್ಟು, "ನಿನ್ನ ಒಲಿ ನನ್ನ ಕೈ ಹಿಡದು ಒಗೀತಲ್ಲವಾ" ಎಂದರು.

ಸದ್ದು ಕೇಳಿ ಓಡಿಬಂದ ಗಂಡ, "ಬಟನ್ ಬಂದ್ ಐತಿ, ಶಾಕ್ ಹ್ಯಾಂಗ ಹೊಡೀತು?" ಎಂದು ಬೆರಗಾದರು. ಇನ್ನು ಸುಮ್ಮನಿರಲಾಗಲಿಲ್ಲ. ವಾಯರಮನ್ ಹೇಳಿದ್ದನ್ನೂ, ದಿನಾ ಪಿನ್ನು ಕೀಳುತ್ತಿದ್ದುದನ್ನೂ ಹೇಳಿದೆ. ಗಂಡನಿಗಿಂತ ಮೊದಲು ಮಾತಾಡಿದ್ದು ಅತ್ತೆ.

"ಎಂಟು ತಿಂಗಳು ನನ್ನ ಜೀವಾ ನಿನ್ನ ಎರಡ ಬೆರಳಾಗ ಹಿಡಕೊಂಡು ಅಡ್ಡಾಡಿದಿ. ಬಾಯಿಲೆ ಒಂದ ಮಾತು ಹೇಳಾಕ ಏನ ಧಾಡಿ ಆಗಿತ್ತು?"

"ಹೇಳಿದ್ರ ಒಲಿ ಒಗದಬಿಡ್ತೀರಂತ ಅಂಜಿದೆರಿ."

"ಸಾಯೋ ಹುಡಗಿಯಿಂದ ಒಲಿ ಕಸಗೊಳ್ಳೂವಾಕಿ ಅಂತ ತಿಳದೀ ನನ್ನ?"

ಬಿದ್ದಿದ್ದ ಬೋಗುಣಿ ಎತ್ತಿಟ್ಟು, ಗೋಡೆಯ ಮೇಲಿನ ಸೆಗಣಿ ಒರೆಸತೊಡಗಿದೆ.

ಅವರು ಒಲೆಯನ್ನು ಎಸೆಯಲಿಲ್ಲ; ಪಿನ್ನು ಕಿತ್ತಿದ್ದರೂ ಅದನ್ನು ಮತ್ತೆ ಮುಟ್ಟಲೂ ಇಲ್ಲ. ಆದರೆ ಸಾರಿಸಲು ಬಾರದ ಒಲೆ ಅಡುಗೆಮನೆಯಲ್ಲಿ ಇರುವಂತಿಲ್ಲ, ಅದರ ಅನ್ನ ತಾವು ಉಣ್ಣುವಂತಿಲ್ಲ. ಒಲೆ ಪಡಸಾಲೆಗೆ ಬಂತು. ನನಗೂ ಗಂಡನಿಗೂ ಅದರ ಮೇಲೆ ಅಡುಗೆ. ಕೈ ಸರಿಹೋದ ಮೇಲೆ ಅತ್ತೆ ಒಳಗೆ ತಮ್ಮೊಬ್ಬರಿಗಾಗಿ ಕಟ್ಟಿಗೆ ಹೊತ್ತಿಸತೊಡಗಿದರು. ನಾನು ಬಂದ ಮೇಲೆ ಅವರು ಬಿಟ್ಟಿದ್ದ ಹೊಗೆ ಅದು.

ಈಗ ನನ್ನ ಒಲೆಯ ತಂತಿ ಶುಚಿಯಾಗಿ ಕೆಂಪಾಗುತ್ತಿತ್ತು. ಯಾವ ವಾಸನೆಯೂ ಇಲ್ಲ. ಗೋಡೆಯಾಚೆ ಅವರು ಕೆಮ್ಮುವುದು ಕೇಳುತ್ತಿತ್ತು. ಕೆಮ್ಮು ನಿಂತೊಡನೆ ಮಾತು ಬರುತ್ತಿತ್ತು.

"ಅಡಿಗಿ ಆತೇನ?"

"ಆತ್ರಿ."

"ಪಿನ್ನು ತಗದೀ?"

"ತಗದೇನ್ರಿ."

"ಹಾಂ. ಈಗ ಬಾಯಿ ಬಂದೈತಿ ನೋಡು."

ಅವರು ಇರುವವರೆಗೂ ದಿನಕ್ಕೆ ಎರಡು ಹೊತ್ತು ಹಾಗೆ ಕೇಳಿದರು. ನಾನು ಎರಡು ಹೊತ್ತೂ ಉತ್ತರಿಸಿ, ಬಿಸಿ ಅನ್ನದ ಮುಂದೆ ಕೂತು, ಗೋಡೆಯಾಚೆಯ ಕೆಮ್ಮು ಕೇಳುತ್ತ ಮೊದಲ ತುತ್ತು ಕಲಸುತ್ತಿದ್ದೆ.