ಬಿಟ್ಟಿ ಬೇಡವೆಂದ ಹಂಸಾ

ದೆಹಲಿಯ ಮಯೂರ್ ವಿಹಾರದ ಹಂಸಾ ಅವರಿಗೆ ಬಿಟ್ಟಿ ಎಂದರೆ ಮೈಯುರಿ. ತರಕಾರಿಯವನು ಪ್ರೀತಿಯಿಂದ ಸೇರಿಸುವ ಕೊತ್ತಂಬರಿಗೂ "ಭಯ್ಯಾ, ಇಸ್ಕೇ ಭೀ ಪೈಸೇ ಲೋ" ಎಂದು, ಅದಕ್ಕೂ ದುಡ್ಡು ತೆಗೆದುಕೊಳ್ಳುವಂತೆ ಜಗಳ ತೆಗೆಯುತ್ತಾರೆ. ಅಂಗಡಿಯವರು ಕೊಟ್ಟ ಕ್ಯಾಲೆಂಡರನ್ನು ಅಲ್ಲೇ ಬಿಟ್ಟು ಬರುತ್ತಾರೆ. ಇಂಥವರು ಧಾರವಾಡದ ತಂಗಿಗೆ ಬಿಟ್ಟಿ ಈಮೇಲಿನಲ್ಲಿ ಮುಟ್ಟು ನಿಲ್ಲುವ ಕಾಲದ ಸಂಕಟ ತೋಡಿಕೊಂಡಾಗ, ಪಕ್ಕದಲ್ಲೇ ಅದರ ಮಾತ್ರೆಯ ಜಾಹೀರಾತು ಬಂದು ಕೂತಿತು. ಹಂಸಾ ಅಂದೇ ಆ ಖಾತೆ ಮುಚ್ಚಿದರು. ಪತ್ರಗಳಲ್ಲಿ ಇಣುಕದ ಈಮೇಲ್ ಕಂಪನಿಯೊಂದನ್ನು ಹುಡುಕಿ ವರ್ಷದ ಚಂದಾ ಕಟ್ಟಿದರು. "ಅಮ್ಮಾ, ಸಬ್ ಫ್ರೀ ಮೇ ಮಿಲ್ತಾ ಹೈ. ಬಿಟ್ಟಿ ಸಿಗೋದಕ್ಕೆ ದುಡ್ಡು ಯಾಕೆ? ಓದೋದು ಮಶೀನ್, ಮನುಷ್ಯರಲ್ಲ" ಎಂದು ಮಗಳು ಅನನ್ಯಾ ನಕ್ಕಳು. "ಯಾರು ಓದಿದ್ರೂ ಓದಿದ್ದೇ" ಎಂದರು ಹಂಸಾ. "ಮುಚ್ಚಿಡೋಕೆ ನಿನ್ನ ಹತ್ರ ಅಂಥದ್ದೇನಿದೆ?" ಎಂದು ಗಂಡ ಕೇಶವಮೂರ್ತಿ ಕೇಳಿದಾಗ ಮಾತ್ರ ಅವರು ಒಲೆ ಆರಿಸಿ ಅಡುಗೆಮನೆಯಿಂದ ಹೊರಬಂದರು. "ಮದುವೆಯಾದ ಹೊಸದರಲ್ಲಿ ನಮ್ಮಮ್ಮನ ಕಾಗದ ಬಂದ್ರೆ ಮೊದಲು ನಿಮ್ಮಪ್ಪ ಒಡೆದು ಓದ್ತಿದ್ರು. ಬೇಡ ಅಂದಾಗ ನೀವು ಇದನ್ನೇ ಕೇಳಿದ್ರಿ. ಕಾಗದ ಬೇರೆಯವರು ಓದ್ತಾರೆ ಅಂತ ಗೊತ್ತಾದ ಮೇಲೆ ಅಮ್ಮ ಸಾಯೋವರೆಗೂ ನನಗೆ ಬರೀ 'ಕ್ಷೇಮ' ಅಂತಲೇ ಬರೆದಳು." ಹಂಸಾ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ತಂಗಿಗೆ ಬರೆಯಲು ಕೂತರು. ಅಂದಿನ ಊಟವನ್ನು ಕೇಶವಮೂರ್ತಿ ತಾವೇ ಬಡಿಸಿಕೊಂಡರು.